ಹಿಸ್ಟರಿ ಇಲ್ಲದವರು

“ಗೋಡೆಗೆ ಮೈ ತಾಗಿಸ್ಬೇಡ್ವೋ ಬೋಳಿಮಗನೇ, ನಿನ್ನೆ ತಾನೆ ಬಣ್ಣ ಹೊಡೆಸಿದ್ದೀವಿ” ಎಂದು ಬ್ಯಾಂಕಿನ ಜವಾನ ಗದರಿದ.

ಗಂಡ ಒಂದು ಹೆಜ್ಜೆ ಮುಂದೆ ಸರಿದ. ಸೋಪು ಸವೆಯುವಷ್ಟು ಮೈ ತಿಕ್ಕಿಕೊಂಡು, ಮದುವೆಗೆ ಹೊಲಿಸಿದ ಅಂಗಿ ತೊಟ್ಟು ಬಂದಿದ್ದ. ಕುರ್ಚಿ ಖಾಲಿ ಇದ್ದರೂ ಕೂತ್ಕೋ ಎಂದವರಿಲ್ಲ. ಹೆಂಡತಿಗೆ ಅದೇನೂ ಹೊಸದಲ್ಲ.

ಪಾಯಿಖಾನೆ ಗುಂಡಿಗೆ ಅವನು ಇಳಿಯುವುದು, ಮೇಲೆ ನಿಂತು ಇವಳು ಹಗ್ಗ ಹಿಡಿಯುವುದು. ಸಂಸಾರ ಹೂಡಿದಾಗಿನಿಂದ ಇದೇ ಕಸುಬು. ಹೋದ ತಿಂಗಳು ಕೆಟ್ಟ ಗಾಳಿ ಕುಡಿದು ಅವನು ಕೆಳಗೇ ಕುಸಿದಾಗ ಇವಳೊಬ್ಬಳೇ ಎಳೆದು ಹಾಕಿದ್ದಳು. ಅಂಗೈ ಚರ್ಮ ಸುಲಿದು ಬಂದಿತ್ತು. ಹೀರುವ ಮಷೀನು ಒಂದಿದ್ದರೆ ಯಾರೂ ಇಳಿಯಬೇಕಿಲ್ಲ. ಹಳೆಯದೊಂದು ಮಾರಾಟಕ್ಕಿತ್ತು. ಅದಕ್ಕೇ ಸಾಲ ಕೇಳಲು ಬಂದಿದ್ದರು.

ಸಾಲದ ಸಾಹೇಬ ಕಂಪ್ಯೂಟರಿನಿಂದ ಮುಖ ಎತ್ತದೆ, ಇವರ ಹೆಸರಿಗೆ ಸ್ಕೋರೇ ಇಲ್ಲ ಎಂದ. ತಾವು ಯಾರ ಮುಂದೂ ಕೈಚಾಚಿದವರಲ್ಲ, ಯಾರ ಬಾಯಿಗೂ ಬಿದ್ದವರಲ್ಲ ಎಂದು ಇವಳು ತುಸು ಜಂಬದಿಂದಲೇ ಹೇಳಿಕೊಂಡಳು. ಅದೇ ತಪ್ಪಾಯಿತಂತೆ. ಸಾಲ ಮಾಡಿ ತೀರಿಸಿದವರಿಗೆ ಮಾತ್ರ ನಂಬರು ಬೀಳುವುದಂತೆ.

“ನಿಮಗೆ ಹಿಸ್ಟರಿನೇ ಇಲ್ವಲ್ಲಮ್ಮ.”

“ಹಂಗಂದ್ರೆ ಏನು ಸಾರ್?”

“ಹಿಂದಿನ ಕಥೆ.”

ಅದಕ್ಕೇನು ಬರ ಎಂದುಕೊಂಡು ಗಂಡ ಬಾಯಿ ಬಿಟ್ಟ. ಅಪ್ಪ ಸತ್ತದ್ದು ಸಿನಿಮಾ ಟಾಕೀಸಿನ ಗುಂಡಿಯಲ್ಲಿ. ಒಳಗೆ ಆಟ ನಡೆಯುತ್ತಲೇ ಇತ್ತು. ಅಣ್ಣ ಹಾಸ್ಟೆಲಿನ ಗುಂಡಿಯಲ್ಲಿ. ಹೆಣ ಸಿಕ್ಕಿದ್ದು ಸಂಜೆಗೆ. ಪಾಠ ಒಪ್ಪಿಸಿದವನಂತೆ ಹೇಳಿ ಮುಗಿಸಿದ.

ಪಕ್ಕದ ಮೇಜಿನಾಕೆ ಮುಸಿಮುಸಿ ನಕ್ಕಳು. “ಆ ಕಥೆ ಅಲ್ಲಯ್ಯಾ” ಎಂದ ಸಾಹೇಬ. ಕಂತಿನ ಮೇಲೆ ಫೋನೋ ಗೀನೋ ಕೊಂಡು, ವರ್ಷವಿಡೀ ತಪ್ಪದೆ ಕಟ್ಟಿ ಆಮೇಲೆ ಬನ್ನಿ ಎಂದು ಬುದ್ಧಿ ಹೇಳಿದ. ಹೊರಟವರನ್ನು ಮತ್ತೆ ಕರೆದ.

“ಹೆಂಗೂ ಬಂದಿದ್ದೀಯ. ಹಿಂದ್ಗಡೆ ನಮ್ ಗುಂಡಿ ಉಕ್ತಾ ಇದೆ. ಇಳಿದು ನೋಡ್ಬಿಡು.”

ಗಂಡ ಹಿತ್ತಲಿಗೆ ಹೋಗಿ ಚಪ್ಪಡಿ ಸರಿಸಿದ. ಅಂಗಿ ಕಳಚಿ ಮಡಿಚಿಟ್ಟ. ಹಗ್ಗಕ್ಕೆಂದು ಜವಾನ ಎಲ್ಲೋ ಹುಡುಕಿ ಕಿಟಕಿ ಪರದೆಯ ದಾರ ತಂದುಕೊಟ್ಟ. ಲಾಡಿಗಿಂತ ದಪ್ಪವಿರಲಿಲ್ಲ. ಇವಳು ಅದನ್ನು ಕೈಯಲ್ಲಿ ಹಿಡಿದು ನೋಡಿದಳು, ನೆಲಕ್ಕೆ ಹಾಕಿದಳು.

“ಅಂಗಿ ಹಾಕ್ಕೋ.”

“ಸಾಹೇಬ್ರು ಬೇಜಾರು ಮಾಡ್ಕೋತಾರೆ ಕಣೇ.”

“ಹಾಕ್ಕೋ ಅಂದೆ.”

ಚಪ್ಪಡಿ ಮುಚ್ಚಲು ಅವನು ಬಗ್ಗಿದ. ಇವಳು ಕಾಲು ಅಡ್ಡ ಇಟ್ಟಳು. ಗುಂಡಿಯನ್ನು ಹಾಗೇ ಬಾಯಿ ತೆರೆದು ಬಿಟ್ಟು, ಇಬ್ಬರೂ ಬ್ಯಾಂಕಿನ ಒಳಗಿಂದಲೇ ಹಾದು ಹೊರಟರು. ನಾತ ಅವರಿಗಿಂತ ಮುಂಚೆ ಒಳಗೆ ಬಂದಿತ್ತು. ಸರತಿಯಲ್ಲಿದ್ದವರೆಲ್ಲ ಮೂಗಿಗೆ ಕೈಯಿಟ್ಟಿದ್ದರು. ಜವಾನನ ಬೈಗುಳ ಬಾಗಿಲವರೆಗೂ ಬೆನ್ನಟ್ಟಿತು. ಇವಳಿಗೆ ಸಿಟ್ಟೂ ಬರಲಿಲ್ಲ, ಅಳುವೂ ಬರಲಿಲ್ಲ.

ಬೀದಿಗಿಳಿದ ಮೇಲೆ ಗಂಡ ಮೆಲ್ಲಗೆ ನೆನಪಿಸಿದ, ನಾಳೆ ಬೆಳಿಗ್ಗೆ ಆಸ್ಪತ್ರೆಯ ಗುಂಡಿಗೆ ಇಳಿಯಲು ಒಪ್ಪಿಕೊಂಡಾಗಿದೆಯಲ್ಲ ಎಂದು.

“ಹ್ಞೂ” ಎಂದಳು.