ಕೋಟೇಶ್ವರಮ್ಮನ ಹಲ್ಲು ಸುಟ್ಟಿದ್ದು

ಕೃತಕ ಹಲ್ಲು ಕಟ್ಟುವ ವಿಷಯ ಆರಿಸಿಕೊಂಡು ದಾವಣಗೆರೆಯಲ್ಲಿ ಎಂಡಿಎಸ್ ಸೇರಿದಾಗ ಅಮ್ಮ ಮುಖ ಕಿವುಚಿದ್ದಳು. ಸೊಟ್ಟ ಹಲ್ಲಿಗೆ ತಂತಿ ಹಾಕುವುದು ಬಿಟ್ಟು ಮುದುಕರ ಬೊಚ್ಚುಬಾಯಿ ಯಾಕೆ ನಿನಗೆ ಎಂದಿದ್ದಳು. ಅಮ್ಮನಿಗೇನು ಗೊತ್ತು? ಹೊಸ ಹಲ್ಲು ಕೂರಿಸಿ ಕನ್ನಡಿ ಕೊಟ್ಟಾಗ ಅವರು ಮೊದಲು ನಗುವುದು ನನ್ನೆದುರಿಗೇ. ಆ ಸುಖಕ್ಕೇ ತೆಲುಗು ಸೀಮೆಯ ಕಡಲ ತೀರದ ಗಾಜುವಾಕದ ಕ್ಲಿನಿಕ್ಕಿನಲ್ಲಿ ಆರು ವರ್ಷ ಕಳೆದಿದ್ದೇನೆ.

ನನ್ನ ಜಂಬ ಇಳಿಸಿದವರು ಕೋಟೇಶ್ವರಮ್ಮ. ಮೀನು ಮಾರಿ ಮಕ್ಕಳನ್ನು ಸಾಕಿದ, ಎಪ್ಪತ್ತು ದಾಟಿದ ಹೆಂಗಸು. ಮೊಮ್ಮಗಳು ಸಾಯಿಪ್ರಿಯಾಳ ಮದುವೆಯಲ್ಲಿ ಚಕ್ಕುಲಿ ಕಡಿಯಬೇಕೆಂದು ಹಲ್ಲಿನ ಸೆಟ್ಟು ಮಾಡಿಸಿಕೊಂಡವರು ತಿಂಗಳೊಳಗೇ ವಾಪಸ್ ಬಂದರು. ಅಂಗುಳು ಮುಚ್ಚುವ ಗುಲಾಬಿ ಬಣ್ಣದ ತಟ್ಟೆ ನಾಲಿಗೆಯ ಕಡೆ ಸುಟ್ಟು ಕಂದಾಗಿತ್ತು.

ನನಗೆ ರೇಗಿತು. ನಮ್ಮ ಸೆಟ್ಟುಗಳನ್ನು ಬೇಯಿಸಿ ಕಳಿಸುವವರು ವಿಜಯವಾಡದಲ್ಲಿ ಲ್ಯಾಬ್ ಇಟ್ಟಿರುವ ಉಮಾಪತಿ, ನಮ್ಮ ದಾವಣಗೆರೆ ಕಡೆಯವರೇ. ಫೋನ್ ಮಾಡಿ ಬಾಯಿಗೆ ಬಂದಂತೆ ಬೈದೆ. ಸುಟ್ಟ ಮಾಲು ಕಳಿಸಿದ್ದೀರಿ, ನಿಮ್ಮ ಸಹವಾಸ ಸಾಕು ಎಂದೆ.

"ಮೇಡಂ, ನಾವು ಸೆಟ್ಟು ಬೇಯ್ಸೋದು ನೀರ್ನಾಗೆ. ನೀರ್ನಾಗೆ ಹಾಕಿದ್ದು ಎಲ್ಲಾದ್ರೂ ಸುಡುತ್ತೇನ್ರಿ? ಒಂದ್ಸಲ ಅಜ್ಜಿ ಬಾಯಿ ನೋಡ್ರಿ" ಎಂದರು.

ಬಾಯಿ ನೋಡದೆ ಹಲ್ಲು ಕಟ್ಟಿದ್ದೇನೆಯೇ? ಸಿಟ್ಟಿನಲ್ಲೇ ಟಾರ್ಚ್ ಬಿಟ್ಟೆ. ಅಂಗುಳ ತುಂಬ ಬಿಳಿ ಕಲೆ, ನಡುನಡುವೆ ಕೆಂಪು ಚುಕ್ಕೆ. ವಸಡಿನ ಅಳತೆ ತೆಗೆಯುವ ಭರದಲ್ಲಿ ನಾನು ಅಷ್ಟು ಮೇಲೆ ಕಣ್ಣೆತ್ತಿರಲೇ ಇಲ್ಲ. ನಾಚಿಕೆಯಾಯಿತು. ಕ್ಯಾನ್ಸರ್ ಇದ್ದರೆ? ಬಾಯಿಗೆ ಏನು ಹಾಕುತ್ತೀರಿ ಎಂದು ಕೇಳಿದೆ.

ಕೇಳಿದ್ದೇ ತಡ, ಕೋಟೇಶ್ವರಮ್ಮ ಸೊಂಟದ ಗಂಟಿನಿಂದ ಚುಟ್ಟಾ ತೆಗೆದರು, ಹೊಗೆಸೊಪ್ಪಿನ ದಪ್ಪ ಸುರುಳಿ. ಉರಿಯುವ ತುದಿಯನ್ನು ಬಾಯೊಳಗಿಟ್ಟು ಸೇದುವುದು ಅವರ ಊರಿನ ಹೆಂಗಸರ ರೂಢಿ. ಕಡಲ ಗಾಳಿಗೆ ಆರುವುದಿಲ್ಲವಂತೆ. ಈ ತಟ್ಟೆ ಬಂದ ಮೇಲೆ ಅಂಗುಳಿಗೆ ಬಿಸಿಯೇ ತಾಗುವುದಿಲ್ಲ, ಬಲು ಚೆನ್ನಾಗಿ ಮಾಡಿದ್ದೀರಿ ಡಾಕ್ಟರಮ್ಮಾ ಎಂದು ಹೊಗಳಿದರು. ಅಳಬೇಕೋ ನಗಬೇಕೋ ತಿಳಿಯಲಿಲ್ಲ.

ಅಂಗುಳಿನ ಚೂರು ತೆಗೆದು ಪರೀಕ್ಷೆಗೆ ಕಳಿಸಿದೆ. ವರದಿ ಬರುವವರೆಗೆ ನನಗೆ ಅನ್ನ ಸೇರಲಿಲ್ಲ. ಕ್ಯಾನ್ಸರ್ ಅಲ್ಲ ಎಂದು ಬಂತು. ಚುಟ್ಟಾ ಬಿಟ್ಟರಷ್ಟೇ ಹೊಸ ಸೆಟ್ಟು ಎಂದೆ. ಐವತ್ತು ವರ್ಷದ ಅಭ್ಯಾಸ, ಹಲ್ಲಿನ ಸೆಟ್ಟಿಗಾಗಿ ಯಾರು ಬಿಡುತ್ತಾರೆ ಎಂದು ಅವರು ಮುನಿಸಿಕೊಂಡು ಹೋದರು. ಉಮಾಪತಿಯವರ ಕ್ಷಮೆ ಕೇಳಿದೆ. ಅಜ್ಜಿ ಬಂದೇ ಬರ್ತಾರೆ ಬಿಡ್ರಿ ಎಂದು ನಕ್ಕರು.

ಮದುವೆಗೆ ಎರಡು ವಾರವಿದ್ದಾಗ ಅಜ್ಜಿ ಬಂದರು. ಈ ಸಲ ಮೊದಲು ಅಂಗುಳನ್ನೇ ನೋಡಿದೆ. ಕಲೆ ಮುಕ್ಕಾಲು ಪಾಲು ಮಾಯವಾಗಿತ್ತು; ಚುಟ್ಟಾ ಬಿಟ್ಟಿದ್ದರು. ಖುಷಿಯಿಂದ ಅಲ್ಲೇ ಅಳತೆ ತೆಗೆದೆ, ಮದುವೆಗೆ ಮುಂಚೆ ಹೊಸ ಸೆಟ್ಟು ಕೂರಿಸಿದೆ.

ಮದುವೆಯ ಮರುದಿನ ಚಕ್ಕುಲಿ ಡಬ್ಬಿ ಹಿಡಿದು ಬಂದವರು ನನ್ನೆದುರು ಒಂದನ್ನು ಕಟುಂ ಎಂದು ಕಡಿದರು. ಆಮೇಲೆ ಹೊಸ ತಟ್ಟೆ ಕಳಚಿ ಅಂಗೈಯಲ್ಲಿಟ್ಟು ತೋರಿಸಿದರು. ಸುಟ್ಟ ಕಲೆ ಒಂದೂ ಇರಲಿಲ್ಲ.

"ನನ್ನ ಬಾಯಿ ಸುಟ್ಟಾಗ ಬಿಡಬೇಕು ಅನ್ನಿಸಲಿಲ್ಲ ತಲ್ಲೀ, ನನ್ನ ತಾಯೀ," ಎಂದರು. "ನೀನು ಕೂತು ಕಟ್ಟಿದ ಹಲ್ಲು ಮತ್ತೆ ಸುಡೋಕೆ ಮನಸ್ಸು ಬರಲಿಲ್ಲ."