ಮಧ್ಯಾಹ್ನದ ಪಾರಿವಾಳ

ಗವಿಪುರದ ಬೀದಿಗಳಲ್ಲಿ ಬದರೀನಾರಾಯಣನಿಗಿಂತ ಮೊದಲೇ ಅವನ ದನಿ ಎದ್ದು ತಿರುಗಾಡುತ್ತಿರುತ್ತದೆ. "ಬೆಳ್ಳುಳ್ಳೀ ಬೆಳ್ಳುಳ್ಳಿ, ನಾಟಿ ಬೆಳ್ಳುಳ್ಳಿ, ಬಾಮ್ಮಾ ಬಾ" ಅಂತ ಒಂದು ತಳ್ಳುಗಾಡಿಯ ಸ್ಪೀಕರಿನಲ್ಲಿ ಮೂಗಿನಿಂದ. "ಹಳೇ ಮಿಕ್ಸಿ, ಹಳೇ ಟೀವಿ, ಹಳೇ ಕಬ್ಬಿಣಾ" ಅಂತ ಇನ್ನೊಂದರಲ್ಲಿ ಹೊಟ್ಟೆಯಿಂದ. ಮಾಮೂಲ್‌ಪೇಟೆಯಲ್ಲಿ ಆ ಸ್ಪೀಕರು ಮಾರುವ ಅಂಗಡಿಯ ಅಟ್ಟದ ಮೇಲೆ ಕೂತು, ಗಿರಾಕಿ ಕೇಳಿದ ಸರಕನ್ನು ಗಿರಾಕಿ ಕೇಳಿದ ದನಿಯಲ್ಲಿ ಕೂಗಿ ರೆಕಾರ್ಡ್ ಮಾಡಿಕೊಡುವುದು ಅವನ ಕಸುಬು. ಊರಿಗೆಲ್ಲ ಅವನ ದನಿ ಗೊತ್ತು, ಅವನು ಗೊತ್ತಿಲ್ಲ. ಹೆಸರು ಬದರಿ, ಪಕ್ಕದಲ್ಲಿ ಕೇದಾರ ಅಂತ ಯಾರೂ ಇಲ್ಲ. ಹಿಂದೊಮ್ಮೆ ಹೆಣ್ಣು ನೋಡಲು ಹೋದಾಗ, ಉಪ್ಪಿಟ್ಟು ತಿಂದ ಉತ್ಸಾಹದಲ್ಲಿ ಹುಡುಗಿಯ ಸೋದರಮಾವ ಮಾತಾಡುವುದನ್ನು ಸೋದರಮಾವನ ಎದುರಿಗೇ ಮಾಡಿ ತೋರಿಸಿದ. ಎಲ್ಲರೂ ನಕ್ಕರು. ಸೋದರಮಾವ ನಗಲಿಲ್ಲ. ಅಲ್ಲಿಗೆ ಆ ಮಾತು ಮುಗಿಯಿತು. ಈಗ ಐವತ್ತು ಹತ್ತಿರ ಬಂದಿದೆ.

ಮನೆ ಅಂದರೆ ಮಹಡಿಯ ಮೇಲೊಂದು ರೂಮು. ಬೀಗ ತೆಗೆದು ಒಳಗೆ ಕಾಲಿಟ್ಟ ಕೂಡಲೇ ಅವನೇ ದಪ್ಪ ದನಿಯಲ್ಲಿ ಕೇಳುತ್ತಾನೆ, "ಬಂದ್ಯೇನಪ್ಪಾ?"

ಅವನೇ ತನ್ನ ದನಿಯಲ್ಲಿ ಹೇಳುತ್ತಾನೆ, "ಬಂದೆ."

"ಬಿಸಿಲು ಜಾಸ್ತಿನಾ?"

"ಜಾಸ್ತಿನೇ."

ಇದು ಹುಚ್ಚಲ್ಲ, ಬರೀ ಅಭ್ಯಾಸ ಎಂದು ಅವನು ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದ. ಹೇಳಿಕೊಂಡದ್ದೂ ದಪ್ಪ ದನಿಯಲ್ಲೇ, ಕೊನೆಗೆ ಎರಡು ಸಲ ಗಂಟಲು ಸರಿಮಾಡಿಕೊಂಡು.

ಇಂಥವನಿಗೆ ಹೋದ ಜೂನಿನಲ್ಲಿ ಶನಿವಾರಗಳು ಸಿಕ್ಕವು.

ಬಸವನಗುಡಿ, ಚಾಮರಾಜಪೇಟೆ ಕಡೆಯ ಮನೆಮಂದಿ, ಅಂಗಡಿಯವರು, ಪಿಂಚಣಿದಾರರು ಸೇರಿ ಕಟ್ಟಿಕೊಂಡ ಒಂದು ಸಮುದಾಯ ಪ್ರತಿಷ್ಠಾನವಿದೆ. ಸುತ್ತಲಿನ ಸರ್ಕಾರಿ ಶಾಲೆಗಳಲ್ಲಿ ಪುಸ್ತಕದಲ್ಲಿಲ್ಲದ ಏನಾದರೊಂದನ್ನು ಕಲಿಸುವುದಕ್ಕೆ ಅದು ಅನುದಾನ ಕೊಡುತ್ತದೆ. ಒಂದು ಶಾಲೆಯವರು ತರಕಾರಿ ತೋಟ ಮಾಡಿದರು, ಇನ್ನೊಂದು ಶಾಲೆಯವರು ನಕ್ಷತ್ರ ನೋಡುವ ದುರ್ಬೀನು ತಂದರು. ಚಾಮರಾಜಪೇಟೆಯ ಒಳರಸ್ತೆಯೊಂದರ ಶಾಲೆಯ ಹೇಮಶ್ರೀ ಟೀಚರ್ ಮಾತ್ರ "ನಮಗೆ ದನಿ ತರಗತಿ ಬೇಕು" ಎಂದರು. ಬೆಳ್ಳುಳ್ಳಿ ಗಾಡಿಯವನನ್ನು ನಿಲ್ಲಿಸಿ, ಬೆಳ್ಳುಳ್ಳಿ ಕೊಳ್ಳದೆ, "ಇದು ಯಾರ ದನಿ?" ಎಂದು ಕೇಳಿದ ಮೊದಲ ವ್ಯಕ್ತಿ ಅವರೇ.

ಅನುದಾನ ಬಂತು. ಅದರ ಹಿಂದೆ ಒಂದು ಕರಾರೂ ಬಂತು. ಹೊರಗಿನ ಕಲಾವಿದ ಒಂದು ವರ್ಷ ಕಲಿಸಬೇಕು. ಶಾಲೆಯ ಟೀಚರೊಬ್ಬರು ಜೊತೆಗೆ ಕೂತು ಕಲಿಯಬೇಕು. ವರ್ಷದ ಕೊನೆಗೆ ಪ್ರತಿಷ್ಠಾನದವರು ನೋಡಲು ಬಂದಾಗ ಕಲಾವಿದ ಕೊನೇ ಸಾಲಿನಲ್ಲಿ ಬಾಯಿ ಮುಚ್ಚಿಕೊಂಡು ಕೂತಿರಬೇಕು. ಮಕ್ಕಳು ತಾವಾಗಿಯೇ ನಡೆಸಿಕೊಟ್ಟರೆ ತರಗತಿ ಶಾಲೆಯದಾಯಿತು, ಅನುದಾನ ಬೇರೆ ಶಾಲೆಯ ಬೇರೆ ಕೆಲಸಕ್ಕೆ ಹೋಗುತ್ತದೆ. ಮಕ್ಕಳಿಗೆ ಇನ್ನೂ ಸಾರ್ ಬೇಕು ಅನ್ನಿಸಿದರೆ ಇನ್ನೊಂದು ವರ್ಷ.

ಜೂನಿನಲ್ಲಿ ಇದನ್ನು ಕೇಳಿ ಬದರಿ ತಲೆಯಾಡಿಸಿದ್ದ. ಜೂನಿನಲ್ಲಿ ಫೆಬ್ರವರಿ ಬಲು ದೂರ.

ಶನಿವಾರವಲ್ಲವೇ ಅಂತ ಮೊದಲು ಶನಿಯ ವಾಹನ ಕಾಗೆಯಿಂದಲೇ ಶುರು ಮಾಡಿದ. "ನೀವು ಕಾ ಅಂದ್ರೆ ಆಗ್ಲಿಲ್ಲ," ಎಂದ ಮಕ್ಕಳಿಗೆ. "ನೀವು ಕೂಗಿದ್ದಕ್ಕೆ ಮರದ ಮೇಲಿರೋ ಕಾಗೆ ಉತ್ತರ ಕೊಡ್ಬೇಕು. ಕೊಟ್ರೆ ಪಾಸು."

"ಕೊಡ್ಲಿಲ್ಲ ಅಂದ್ರೆ ಸಾರ್?"

"ಮುಂದಿನ ಶನಿವಾರ ಸಪ್ಲಿಮೆಂಟರಿ."

ಆರನೇ ಕ್ಲಾಸಿನ ಚೈತನ್ಯಾ ಎಲ್ಲರಿಗಿಂತ ಮೊದಲು ಪಾಸಾದಳು. ಅಂಗಳದ ಹೊಂಗೆ ಮರದಿಂದ ಕಾಗೆ ಅವಳಿಗೆ ಒಂದಕ್ಕೆ ಎರಡು ಸಲ ಉತ್ತರ ಕೊಟ್ಟಿತು. ಹೇಮಶ್ರೀ ಟೀಚರ್ ದೀಪಾವಳಿಯವರೆಗೂ ಫೇಲಾಗುತ್ತಲೇ ಇದ್ದು, ಆಮೇಲೊಂದು ದಿನ ಪಾಸಾಗಿ ಮಕ್ಕಳಿಗೆಲ್ಲ ಚಾಕೊಲೇಟು ಹಂಚಿದರು. ಬದರಿ ಶನಿವಾರದ ಅಂಗಿಯನ್ನು ಶುಕ್ರವಾರವೇ ಇಸ್ತ್ರಿ ಮಾಡಿಡತೊಡಗಿದ. ಮಕ್ಕಳು ಬರುವುದಕ್ಕೆ ಎಷ್ಟೋ ಮುಂಚೆ ಹೋಗಿ, ಖಾಲಿ ಕೋಣೆಯ ಬೆಂಚು ಸರಿಸಿ, ಬೋರ್ಡು ಒರೆಸಿ ಕಾಯುತ್ತಿದ್ದ. ವಾರವೆಲ್ಲ ಊರಿಗೆ ಕೂಗುತ್ತಿದ್ದವನಿಗೆ ಆ ದಿನ ಯಾರೋ ತಿರುಗಿ "ಸಾರ್" ಅನ್ನುತ್ತಿದ್ದರು.

ಫೆಬ್ರವರಿ ಬಂದೇಬಿಟ್ಟಿತು.

"ಬರೋ ಶನಿವಾರ ನೋಡೋಕ್ ಬರ್ತಾರಂತೆ ಸಾರ್," ಎಂದರು ಹೇಮಶ್ರೀ ಟೀಚರ್. ಆಮೇಲೆ ಡಸ್ಟರನ್ನು ಸುಮ್ಮನೆ ಬಡಿಯುತ್ತಾ, "ಮಕ್ಕಳು ಚೆನ್ನಾಗ್ ಮಾಡಿದ್ರೆ ನೀವು ಬರಲ್ಲ, ಅಲ್ವಾ?" ಎಂದರು.

"ಅನುದಾನ ಮುಗಿದ್ಮೇಲೆ ಅನುಮಾನ ಯಾಕೆ ಮೇಡಂ, ಬರಲ್ಲ."

ಟೀಚರ್ ನಗಲಿಲ್ಲ. ಅವನಿಗೂ ಅದು ಅಷ್ಟೇನೂ ಚೆನ್ನಾಗಿದೆ ಅನ್ನಿಸಲಿಲ್ಲ.

ಆಟದ ಹೆಸರು 'ನಮ್ಮ ಬೀದಿಯ ಒಂದು ದಿನ'. ಶಾಲೆಯ ಹಾಲ್‌ನಲ್ಲಿ ಅಡ್ಡಕ್ಕೆ ಒಂದು ಬೆಡ್‌ಶೀಟು, ಅದರ ಹಿಂದೆ ಮಕ್ಕಳು, ಬರೀ ದನಿ. ಮುಂದಿನ ಸಾಲಿನಲ್ಲಿ ಪ್ರತಿಷ್ಠಾನದ ಶ್ರೀಧರ್ ಎಂಬ ಹಿರಿಯರು, ಅವರ ಪಕ್ಕ ಇದೆಲ್ಲ ಓಡಾಡಿ ನೋಡಿಕೊಳ್ಳುವ ಆರಾಧನಾ ಎಂಬ ಹುಡುಗಿ, ಹಿಂದೆ ಅಪ್ಪ ಅಮ್ಮಂದಿರು. ಬದರಿ ಕರಾರಿನ ಪ್ರಕಾರ ಕೊನೇ ಸಾಲಿನಲ್ಲಿ, ಗೋಡೆಗೊರಗಿ.

ಬೆಡ್‌ಶೀಟಿನ ಹಿಂದೆ ಬೆಳಗಾಯಿತು. ಕಾಗೆ ಕೂಗಿತು. ಪೊರಕೆ ಸರಬರ ಅಂದಿತು, ಬಕೆಟ್ಟಿಗೆ ನೀರು ಬಿತ್ತು, ಕುಕ್ಕರು ವಿಷಲ್ ಹಾಕಿತು, ಆಟೋ ಒಂದು ಕೆಮ್ಮಿ ಕೆಮ್ಮಿ ಸ್ಟಾರ್ಟಾಯಿತು. "ಬೆಳ್ಳುಳ್ಳೀ ಬೆಳ್ಳುಳ್ಳಿ" ಬಂದಾಗ ಅಮ್ಮಂದಿರೆಲ್ಲ ನಕ್ಕರು. ಒಂದೂ ತಪ್ಪಿಲ್ಲ. ಒಂದೊಂದು ದನಿ ಸರಿಯಾದಾಗಲೂ ಬದರಿಯ ಎದೆ ಉಬ್ಬುತ್ತಿತ್ತು; ಉಬ್ಬಿದ ಎದೆಯೊಳಗೆ ಒಂದೊಂದೇ ಶನಿವಾರ ಉದುರುತ್ತಿತ್ತು.

ಇನ್ನು ಮಧ್ಯಾಹ್ನ. ಬೀದಿ ಊಟ ಮಾಡಿ ಮಲಗಿದೆ. ಒಂದೇ ಒಂದು ಪಾರಿವಾಳ ಕಿಟಕಿಯ ಸಜ್ಜಾ ಮೇಲೆ ಗುಟುರು ಹಾಕಬೇಕು. ಅದು ಚೈತನ್ಯಾಳದು. ಆ ಒಂದು ಪಾರಿವಾಳ ಕೂತರೆ ಸಂಜೆ ತಾನಾಗಿ ಉರುಳಿಬರುತ್ತದೆ.

ಪಾರಿವಾಳ ಬರಲಿಲ್ಲ.

ಬೆಡ್‌ಶೀಟಿನ ಹಿಂದೆ ಗುಸುಗುಸು. ಪಕ್ಕದಲ್ಲಿ ನಿಂತಿದ್ದ ಹೇಮಶ್ರೀ ಟೀಚರ್ ಕೈ ಕೈ ಹಿಸುಕಿಕೊಂಡರು. ಆರಾಧನಾ ಮೆಲ್ಲಗೆ ಶ್ರೀಧರ್ ಅವರ ಕಡೆ ಬಾಗಿದಳು. ಬದರಿಯ ಗಂಟಲಲ್ಲಿ ಪಾರಿವಾಳ ಆಗಲೇ ಬಂದು ಕೂತಿತ್ತು. ತುಟಿ ಕೂಡ ಬಿಚ್ಚಬೇಕಿಲ್ಲ, ಒಂದು ಗುಟುರು ಸಾಕು. ಎಲ್ಲರೂ ತಿರುಗಿ ನೋಡುತ್ತಾರೆ, "ಪಾಪ, ಮಕ್ಕಳಿಗೆ ಇನ್ನೂ ಸಾರ್ ಬೇಕು" ಅನ್ನುತ್ತಾರೆ. ಜೂನಿಗೆ ಮತ್ತೆ ಶನಿವಾರ, ಮತ್ತೆ ಇಸ್ತ್ರಿ. ಯಾರಿಗೆ ನಷ್ಟ? ಹುಡುಗಿಗೆ ನೆರವು ಕೊಟ್ಟ ಹಾಗೂ ಆಯಿತು.

ಅವಳು ಅಂಗಳದಲ್ಲಿ ನಿಂತು, ಕಾಗೆ ಉತ್ತರ ಕೊಟ್ಟಾಗ ನಾನೇ ಮಾಡಿದೆ ಅನ್ನುವ ಹಾಗೆ ತನ್ನ ಕಡೆ ತಿರುಗಿ ನೋಡಿದ್ದು ಅವನಿಗೆ ನೆನಪಾಯಿತು.

ಬದರಿ ಪಾರಿವಾಳವನ್ನು ನುಂಗಿಕೊಂಡ.

ಆಮೇಲೆ ಬೆಡ್‌ಶೀಟಿನ ಹಿಂದಿನಿಂದ ಒಂದು ದಪ್ಪ ದನಿ ಬಂತು.

"ಬಂದ್ಯೇನಪ್ಪಾ?"

"ಬಂದೆ," ಎಂದಿತು ಇನ್ನೊಂದು.

"ಊಟ ಆಯ್ತಾ?"

"ಆಗ್ಬೇಕು."

"ಏನ್ ಮಾಡಿದೀಯ?"

"ಅನ್ನ, ತಿಳಿಸಾರು."

"ಅಷ್ಟೊಂದ್ ಅನ್ನ ಯಾರಿಗಯ್ಯಾ?"

"ನಂಗೇ. ರಾತ್ರಿಗೂ ಆಗತ್ತೆ."

ಇಡೀ ಹಾಲ್ ಗೊಳ್ಳೆಂದಿತು. ಬದರಿಯೂ ನಕ್ಕ. ಯಾರಪ್ಪಾ ಈ ಆಸಾಮಿ, ಎಷ್ಟು ಚೆನ್ನಾಗಿ ಹಿಡಿದಿದಾಳೆ, ಅವಳ ಪಕ್ಕದ ಮನೆಯವನಿರಬೇಕು ಅಂದುಕೊಂಡ. ಅಷ್ಟರಲ್ಲಿ ಆ ಆಸಾಮಿ ಮಾತಿನ ಕೊನೆಗೆ ಎರಡು ಸಲ ಸಣ್ಣಗೆ ಗಂಟಲು ಸರಿಮಾಡಿಕೊಂಡ. ಬದರಿಯ ಕೈ ತನ್ನ ಗಂಟಲಿಗೆ ಹೋಯಿತು. ಊರಿನ ದನಿಯನ್ನೆಲ್ಲ ಗುರುತು ಹಿಡಿಯುವವನಿಗೆ ಇದೊಂದು ಸಿಕ್ಕಿರಲಿಲ್ಲ. ಖಾಲಿ ಕೋಣೆ, ಬೋರ್ಡು ಒರೆಸುತ್ತಾ ತನ್ನೊಡನೆ ತಾನೇ ಮಾತಾಡುವ ಹೊತ್ತು, ಬಾಗಿಲ ಹೊರಗೆ ಚಪ್ಪಲಿ ಬಿಡುತ್ತಿದ್ದ ಹುಡುಗಿ. ಅದು ಖಾಲಿ ಅಂದುಕೊಂಡಿದ್ದವನು ಅವನೊಬ್ಬನೇ.

"ಸಾಯಂಕಾಲ ಯಾರಾದ್ರೂ ಬರ್ತಾರಾ?" ಎಂದಿತು ದಪ್ಪ ದನಿ.

"ನೋಡ್ಬೇಕು."

ಈ ಸಲ ನಗು ಅಷ್ಟು ಬರಲಿಲ್ಲ. ಹಿಂದಿನ ಸಾಲಿನ ಒಬ್ಬ ಅಮ್ಮ ಸೆರಗು ಸರಿಮಾಡಿಕೊಂಡರು. ಹುಡುಗಿಯ ಗಾಬರಿ ಇಳಿದಿರಬೇಕು, ಪಾರಿವಾಳ ತಾನಾಗಿ ಬಂದು ಕೂತಿತು. ಗುಟುರ್ ಗುಟುರ್. ಸಂಜೆಯಾಯಿತು, ಆಟ ಮುಗಿಯಿತು.

"ಆ ಮಧ್ಯಾಹ್ನದ ಭಾಗ ಇದೆಯಲ್ಲ, ಅದನ್ನ ಬರ್ಕೊಟ್ಟೋರು ಯಾರು? ಸಾರಾ?" ಎಂದು ಶ್ರೀಧರ್ ಕೇಳಿದರು.

ಚೈತನ್ಯಾ ಕೊನೇ ಸಾಲಿನ ಕಡೆ ಕಣ್ಣು ಹಾಯಿಸಿ, "ಇಲ್ಲ ಸಾರ್, ನಾವೇ," ಎಂದಳು.

"ಇದೇ ನೋಡಿ ನಮಗೆ ಬೇಕಿದ್ದದ್ದು," ಎಂದು ಆರಾಧನಾ ಚಪ್ಪಾಳೆ ತಟ್ಟಿದಳು. ಬದರಿಯ ಹತ್ತಿರ ಬಂದು, "ನೀವು ಗೆದ್ರಿ ಸಾರ್. ಇನ್ಮೇಲೆ ಟೀಚರೇ ನಡೆಸ್ಕೊಂಡು ಹೋಗ್ತಾರೆ," ಎಂದು ಕೈ ಕುಲುಕಿದಳು. ಅವಳು ಮನಸಾರೆಯೇ ಹೇಳಿದ್ದು.

ಗೇಟಿನ ಹತ್ತಿರ ಚೈತನ್ಯಾ ಓಡಿಬಂದು ನಿಂತಳು. "ಪಾರಿವಾಳ ಮರ್ತೇ ಹೋಯ್ತು ಸಾರ್. ಬಾಯಿಗ್ ಬಂದಿದ್ದು ಮಾಡ್ಬಿಟ್ಟೆ. ಬೈಬೇಡಿ."

"ಬೈಯಲ್ಲ ಕಣೇ. ಚೆನ್ನಾಗಿತ್ತು."

"ಒಂದು ನಿಮ್ ದನಿ ಅಂತ ಗೊತ್ತು. ಆ ದಪ್ಪ ದನಿಯವ್ರು ಯಾರು ಸಾರ್? ನಿಮ್ಮನೇಲಿರ್ತಾರಾ?"

ಬದರಿ ಒಂದು ಗಳಿಗೆ ಹೊಂಗೆ ಮರ ನೋಡಿದ. "ಹ್ಞೂಂ. ಬಾಡಿಗೆಗಿದಾನೆ. ಬಾಡಿಗೆ ಮಾತ್ರ ಕೊಡಲ್ಲ, ಬರೀ ಪ್ರಶ್ನೆ ಕೇಳ್ತಾನೆ."

ಅವಳು ನಕ್ಕಳು. "ಹಂಗಾದ್ರೆ ಅವ್ರನ್ನ ಕೇಳಿ ಸಾರ್, ನಾನ್ ಅವ್ರ ಥರ ಸರಿಯಾಗ್ ಮಾಡಿದ್ನಾ ಅಂತ. ಮರೀಬೇಡಿ."

ಮನೆಗೆ ಬಂದು ಬೀಗ ತೆಗೆದ. ಬಾಗಿಲಲ್ಲೇ ನಿಂತ. ಯಾರೂ "ಬಂದ್ಯೇನಪ್ಪಾ" ಅನ್ನಲಿಲ್ಲ. ಹುಡುಗಿ ಕೇಳಿ ಕಳಿಸಿದ್ದನ್ನು ಹೇಳೋಣವೆಂದು ಗಂಟಲು ಸರಿಮಾಡಿಕೊಂಡ, ಎರಡು ಸಲ. ಆ ಸದ್ದು ತನಗೇ ಕೇಳಿಸಿ ಸುಮ್ಮನಾದ. ಆ ದಿನ ಅನ್ನಕ್ಕೆ ಒಂದು ಹಿಡಿ ಅಕ್ಕಿ ಕಮ್ಮಿ ಇಟ್ಟ.

ಮುಂದಿನ ಶನಿವಾರ ಬೆಳಿಗ್ಗೆ ನೋಡಿದರೆ ಅಂಗಿ ಇಸ್ತ್ರಿಯಾಗಿ ಗೂಟದಲ್ಲಿತ್ತು. ಶುಕ್ರವಾರ ಕೈ ತನ್ನ ಪಾಡಿಗೆ ಕೆಲಸ ಮಾಡಿತ್ತು. ಮಾಡಿದ ಇಸ್ತ್ರಿ ಹಾಳಾಗಬಾರದೆಂದು ಹಾಕಿಕೊಂಡು ಹೊರಟ. ಮಾಮೂಲ್‌ಪೇಟೆಗೆ ಹೋಗಬೇಕಾದ ಕಾಲು ಚಾಮರಾಜಪೇಟೆಯ ಒಳರಸ್ತೆಗೆ ತಿರುಗಿತು. ಶಾಲೆಯ ಕಾಂಪೌಂಡಿನ ಈಚೆ, ನಿಂತಿದ್ದ ಲಗೇಜು ಆಟೋದ ಮರೆಯಲ್ಲಿ ನಿಂತ.

ಒಳಗೆ ಹೇಮಶ್ರೀ ಟೀಚರ್ ಹೇಳುತ್ತಿದ್ದರು, "ನೀವು ಕೂಗಿದ್ದಕ್ಕೆ ಮರದ ಮೇಲಿರೋ ಕಾಗೆ ಉತ್ತರ ಕೊಡ್ಬೇಕು. ಕೊಟ್ರೆ ಪಾಸು." ಹೊಸ ಮಕ್ಕಳಿರಬೇಕು. ಯಾವುದೋ ಎಳೇ ಗಂಟಲು ಕೂಗಿತು. ಕಾಗೆಗಿಂತ ಬೆಕ್ಕು ಜಾಸ್ತಿ. ಮತ್ತೆ ಕೂಗಿತು. ಮೂರನೇ ಸಲಕ್ಕೆ ಪರವಾಗಿಲ್ಲ ಅನ್ನಿಸಿತು. ಅಂಗಳ ಕಿವಿಗೊಟ್ಟು ಕಾಯಿತು. ಆಟೋದ ಮರೆಯಿಂದ ಒಂದೇ ಒಂದು ಕಾ ಅಂದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಬದರಿ ಬಾಯಿ ಬಿಗಿಹಿಡಿದು ಮರದ ಕಡೆ ನೋಡುತ್ತಾ ನಿಂತ.

ಹೊಂಗೆಯ ತುದಿಯಿಂದ ನಿಜವಾದ ಕಾಗೆಯೊಂದು ಉತ್ತರ ಕೊಟ್ಟಿತು. ಒಳಗೆ ಮಕ್ಕಳು ಹೋ ಎಂದು ಕಿರುಚಿದರು.

"ಪಾಸು," ಎಂದ ಬದರಿ, ತನಗೊಬ್ಬನಿಗೇ ಕೇಳುವಷ್ಟು, ಮತ್ತು ಮಾಮೂಲ್‌ಪೇಟೆಯ ಕಡೆ ನಡೆದ.