ಹೆಣದ ಕಾಲು

ಹವ್ಯಾಸಿ ನಾಟಕ ತಂಡದಲ್ಲಿ ವರ್ಷಗಟ್ಟಲೆ ಪರದೆ ಎಳೆದು, ಕುರ್ಚಿ ಜೋಡಿಸಿ, ಟಿಕೆಟ್ ಹರಿದ ಮೇಲೆ ವಿಮಾ ಏಜೆಂಟರಿಗೆ ಕೊನೆಗೂ ಒಂದು ಪಾತ್ರ ಸಿಕ್ಕಿತು. ಹೆಣದ ಪಾತ್ರ.

ಇದರಿಂದ ಅವರ ಮುಖ ಚಿಕ್ಕದಾಗಿರಬೇಕು ಎಂದುಕೊಂಡರೆ ಅವರು ಎಂಥವರೆಂದು ನಿಮಗೆ ಗೊತ್ತಿಲ್ಲ. ನಾಟಕದಲ್ಲಿ ಮನೆಯ ಯಜಮಾನ ತೀರಿಕೊಂಡಿರುತ್ತಾನೆ. ಅಪ್ಪನನ್ನು ಯಾರು ಹೆಚ್ಚು ನೋಡಿಕೊಂಡರು ಎಂದು ಮಕ್ಕಳು ಮಂಚದ ಸುತ್ತ ನಿಂತು ಕಿತ್ತಾಡುತ್ತಾರೆ. ಮೊದಲ ಅಂಕ ಮುಗಿಯುವವರೆಗೂ ಹೆಣ ರಂಗದ ನಟ್ಟನಡುವೆ.

"ಹೀರೋನೇ ಮಧ್ಯೆ ಮಧ್ಯೆ ಒಳಗೆ ಹೋಗ್ತಾನೆ ಕಣೇ. ನಾನು ಹೋಗೋದೇ ಇಲ್ಲ" ಎಂದು ಹೆಂಡತಿಗೆ ಹೇಳಿದರು.

"ಹೌದ್ರೀ, ಬಾಯೂ ಬಿಡೋ ಹಾಗಿಲ್ಲ. ನಿಮ್ಮ ಕೈಲಿ ಅದಾಗುತ್ತಾ?" ಎಂದಳು ಹೆಂಡತಿ.

ಬಾಯಿ ಮುಚ್ಚಿಕೊಂಡೇ ಇತ್ತು. ಕೈಕೊಟ್ಟಿದ್ದು ಕಾಲು.

ತಾಲೀಮು ಸಂಜೆ ಹೊತ್ತು. ಏಜೆಂಟರು ಮಂಚದ ಮೇಲೆ ಮಲಗಿ, ಕಣ್ಣು ಮುಚ್ಚಿ, ತಾವು ಸತ್ತದ್ದಕ್ಕೆ ತಾವೇ ಒಂದಿಷ್ಟು ಮರುಗಿ, ಹಾಯಾಗಿದ್ದರು. ಹಿರಿಮಗನ ಭಾಷಣ ಅರ್ಧಕ್ಕೆ ಬರುವಷ್ಟರಲ್ಲಿ ಮೀನಖಂಡದೊಳಗೆ ಏನೋ ಹರಿದಾಡತೊಡಗಿತು. ನೋವಲ್ಲ, ತುರಿಕೆಯಲ್ಲ. ಮೂಳೆಗೂ ಮಾಂಸಕ್ಕೂ ನಡುವೆ ಯಾರೋ ನೂಲು ತೂರಿಸಿ ಮೆಲ್ಲಗೆ ಎಳೆಯುತ್ತಿದ್ದಂತೆ. ಅಲ್ಲಾಡಿಸಿದರೆ ಸಾಕು, ಹೋಗುತ್ತದೆ ಎಂದು ಕಾಲೇ ಕಿವಿಯಲ್ಲಿ ಹೇಳಿದಂತೆ ಆಗುತ್ತಿತ್ತು. ತಡೆದರು. ಹಲ್ಲು ಕಚ್ಚಿದರು. ಆಮೇಲೆ ಹೆಣ ಒಂದು ಒದೆ ಒದೆಯಿತು.

ನಿರ್ದೇಶಕರು ವೃತ್ತಿಯಿಂದ ಹಲ್ಲಿನ ಡಾಕ್ಟರು. ಹಗಲೆಲ್ಲ ಬಾಯಿಗೆ ಹತ್ತಿ ತುರುಕಿ ಜನರನ್ನು ಸುಮ್ಮನಿರಿಸಿ ಅಭ್ಯಾಸವಾದವರಿಗೆ, ಸಂಜೆ ಯಾರಾದರೂ ಎದುರಾಡಿದರೆ ಸಹಿಸಲಾಗುತ್ತಿರಲಿಲ್ಲ.

"ಏಜೆಂಟ್ರೇ, ಹೆಣ ಅಂದ್ರೆ ಸುಮ್ನೆ ಬಿದ್ಕೊಳ್ಳೋದಲ್ಲ. ಅದಕ್ಕೆ ಒಂದು ಅಂತರಂಗ ಇರುತ್ತೆ."

"ಅಂತರಂಗ ಸರಿಯಾಗೇ ಇದೆ ಸಾರ್. ಕಾಲು ಮಾತ್ರ..."

"ಸ್ಟೇಜ್ ಭಯ. ಈ ಮಾತ್ರೆ ತಗೊಳ್ಳಿ. ನೆಗಡಿದೇ, ಆದ್ರೆ ಚೆನ್ನಾಗಿ ಮಂಪರು ಬರುತ್ತೆ. ಹೆಣಕ್ಕೆ ಇನ್ನೇನು ಬೇಕು?"

ಮಾತ್ರೆ ನುಂಗಿದ ದಿನ ಮಂಪರು ಬಂದದ್ದು ತಲೆಗೆ. ಕಾಲಿಗೆ ಬಂದದ್ದು ದೆವ್ವ. ತಂಡದವರೆಲ್ಲ ಒಬ್ಬೊಬ್ಬರು ಒಂದೊಂದು ಉಪಾಯ ಹೇಳಿದರು. ಬೆಳಕಿನವನು ಕಾಲನ್ನು ಮಂಚಕ್ಕೆ ಕಟ್ಟಿಹಾಕೋಣ ಎಂದ. ಕಿರಿಸೊಸೆಯ ಪಾತ್ರದಾಕೆ, ಅಳುವ ನೆಪದಲ್ಲಿ ತಾನೇ ಕಾಲ ಮೇಲೆ ಕೂತುಬಿಡುತ್ತೇನೆ ಎಂದಳು. ಕೂತಳು ಕೂಡ. ಕಾಲು ಆಕೆಯನ್ನೂ ಸೇರಿಸಿ ಅಲ್ಲಾಡಿತು.

ನಿಜ ಹೇಳಬೇಕೆಂದರೆ ಇದು ರಂಗದ ಮೇಲೆ ಹುಟ್ಟಿದ ಕಾಯಿಲೆಯೇ ಅಲ್ಲ. ಹೆಂಡತಿ ಹಾಸಿಗೆ ಬಿಟ್ಟು ನಡುಮನೆಯ ಸೋಫಾಕ್ಕೆ ಹೋಗಿ ತಿಂಗಳುಗಳೇ ಆಗಿದ್ದವು. "ನಿಮ್ಮ ಪಕ್ಕ ಮಲಗೋದೂ ಒಂದೇ, ಫುಟ್‌ಬಾಲ್ ಮೈದಾನದಲ್ಲಿ ಮಲಗೋದೂ ಒಂದೇ" ಎಂದು ಹೇಳಿಯೇ ಹೋಗಿದ್ದಳು. ಏಜೆಂಟರು ಮಾತ್ರ ತಪ್ಪು ಹಾಸಿಗೆಯದೆಂದು ತೀರ್ಮಾನಿಸಿ ಅದನ್ನು ಬದಲಾಯಿಸಿದ್ದರು. ಆಮೇಲೆ ಮಂಚವನ್ನೂ ಬದಲಾಯಿಸಿದ್ದರು.

ಈ ಸುದ್ದಿ ಅವರ ಅಕ್ಕನ ಕಿವಿಗೆ ಬಿತ್ತು. ಅಕ್ಕ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಹರೆಯದಲ್ಲಿ ಒಳ್ಳೆ ಟೈಪಿಸ್ಟ್ ಕೆಲಸ ಸಿಕ್ಕಿತ್ತು. ಸಂಜೆಯಾದರೆ ಕುರ್ಚಿಯಲ್ಲಿ ಕೂರಲಾಗುವುದಿಲ್ಲವೆಂದು ಅದನ್ನು ಬಿಟ್ಟು, ದಿನವಿಡೀ ನಿಂತೇ ಇರುವ ಕೆಲಸ ಹಿಡಿದವಳು. ಒಂದು ಸಿನಿಮಾವನ್ನೂ ಕೊನೆಯವರೆಗೆ ಕೂತು ನೋಡಿದವಳಲ್ಲ. ಮನೆಯಲ್ಲಿ ಅವಳನ್ನು "ಜಟಕಾ ಕುದುರೆ" ಎಂದು ಕರೆಯುತ್ತಿದ್ದರು. ಹಾಗೆ ಹೆಸರಿಟ್ಟದ್ದು ಇದೇ ತಮ್ಮ.

ಅಕ್ಕ ಬಂದವಳೇ ಕೇಳಿದಳು. "ಕೂತಾಗ, ಮಲಗಿದಾಗ್ಲೇ ಶುರುವಾಗುತ್ತಾ?"

"ಹೂಂ."

"ಎದ್ದು ಓಡಾಡಿದ್ರೆ ಹೋಗುತ್ತಾ?"

"ಹೂಂ ಅಕ್ಕಾ. ಕೂತ ತಕ್ಷಣ ಮತ್ತೆ ಬರುತ್ತೆ. ಸಂಜೆ ಮೇಲೆ ಜಾಸ್ತಿ. ಇದೇನೋ ದೊಡ್ಡ ಕಾಯಿಲೆನೇ ಇರಬೇಕು."

ಅಕ್ಕ ಅವರನ್ನು ದಿಟ್ಟಿಸಿ ನೋಡಿದಳು. "ಇಷ್ಟು ವರ್ಷ ನನಗಿದ್ದಾಗ ನಾಟಕ. ನಿನಗೆ ಬಂದ ಕೂಡ್ಲೆ ಕಾಯಿಲೆ, ಅದೂ ದೊಡ್ಡದು."

ಏಜೆಂಟರು ಸಾವಿನ ಮನೆಗೂ ಹೋಗಿ ಪಾಲಿಸಿ ಮಾಡಿಸಿದ್ದ ಮನುಷ್ಯ. ಮಾತಿಗೆ ಎಂದೂ ತಡವರಿಸಿದವರಲ್ಲ. ಅಂದು ಮಾತ್ರ ಎದ್ದು ಅಕ್ಕನಿಗೆ ನೀರು ತಂದುಕೊಟ್ಟರು. ಆಕೆ ಕುಡಿಯಲಿಲ್ಲ. "ನಾಳೆ ಡಾಕ್ಟರ ಹತ್ರ ಹೋಗೋಣ. ಇಬ್ಬರೂ" ಎಂದಳು.

ಈ ಡಾಕ್ಟರು ಹಲ್ಲಿನವರಲ್ಲ. ನರಗಳ ವಿಷಯ ಓದಿದ್ದ ಹೆಂಗಸು, ಹೆಚ್ಚು ಮಾತಿಲ್ಲ. ಇಬ್ಬರ ಮಾತನ್ನೂ ಕೇಳಿ, "ಇದಕ್ಕೆ ಹೆಸರಿದೆ. ರೆಸ್ಟ್‌ಲೆಸ್ ಲೆಗ್ಸ್, ಅಂದ್ರೆ ಸುಮ್ಮನಿರದ ಕಾಲು. ಭ್ರಮೆ ಅಲ್ಲ, ಭಯಾನೂ ಅಲ್ಲ. ಕೆಲವು ಮನೆತನಗಳಲ್ಲಿ ನಡ್ಕೊಂಡು ಬರುತ್ತೆ" ಎಂದರು. ಹೆಸರಿದೆ ಎಂದದ್ದೇ ತಡ, ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು. ಏಜೆಂಟರು ಗೋಡೆಯ ಕ್ಯಾಲೆಂಡರ್ ಓದತೊಡಗಿದರು.

ರಕ್ತ ಪರೀಕ್ಷೆಯಾಯಿತು. ಏಜೆಂಟರ ಮೈಯಲ್ಲಿ ಕಬ್ಬಿಣದ ದಾಸ್ತಾನು ತಳ ಕಂಡಿತ್ತು.

"ಕಬ್ಬಿಣ ಕಮ್ಮಿಯಾದ್ರೆ ಈ ಕಾಲಿನ ಕಾಟ ಹೆಚ್ಚಾಗುತ್ತೆ. ರಕ್ತ ಎಲ್ಲಾದರೂ ಹೋಗ್ತಿದೆಯಾ?" ಡಾಕ್ಟರು ಕೇಳಿದರು.

"ಹೋಗೋದಲ್ಲ ಮೇಡಂ, ದಾನ! ಪ್ರತಿ ಶಿಬಿರದಲ್ಲೂ ನಾನೇ ಮೊದಲು. ಪೇಪರಲ್ಲಿ ಫೋಟೋ ನೋಡಿರಬೇಕು ನೀವು."

"ನೋಡಿಲ್ಲ. ಇನ್ನು ನಾನು ಹೇಳೋವರೆಗೂ ಕೊಡಬೇಡಿ. ದಾನ ಒಳ್ಳೇದೇ, ಆದರೆ ಫೋಟೋದಿಂದ ರಕ್ತ ತುಂಬಲ್ಲ."

ಅಕ್ಕ ನಕ್ಕಳು. ತಮ್ಮನ ಎದುರು ಅವಳು ನಕ್ಕು ಬಹಳ ಕಾಲವಾಗಿತ್ತು.

ಡಾಕ್ಟರು ಕಬ್ಬಿಣದ ಮಾತ್ರೆ ಬರೆದರು. ಅದರ ಜೊತೆ ಕಾಫಿ ಟೀ ಕೂಡದು ಎಂದರು. ಮಧ್ಯಾಹ್ನದ ಮೇಲೆ ಕಾಫಿಯೇ ಬೇಡ. ಮಂಪರು ಬರಿಸುವ ಆ ನೆಗಡಿ ಮಾತ್ರೆಯನ್ನು ಕೈಯಲ್ಲೂ ಮುಟ್ಟಬೇಡಿ, ಅದು ಈ ಕಾಲನ್ನು ಇನ್ನಷ್ಟು ಕೆರಳಿಸುತ್ತೆ. ಸಂಜೆ ಸ್ವಲ್ಪ ನಡೆಯಿರಿ, ಮಲಗುವ ಮುಂಚೆ ಬಿಸಿನೀರಲ್ಲಿ ಕಾಲಿಟ್ಟು ಮೀನಖಂಡ ನೀವಿಕೊಳ್ಳಿ, ನಿದ್ದೆಗೆ ಒಂದು ಹೊತ್ತು ಇಟ್ಟುಕೊಳ್ಳಿ. "ಅವಸರ ಬೇಡ. ಕಬ್ಬಿಣ ಮೈಗೆ ಹತ್ತೋಕೆ ವಾರಗಳು ಹಿಡಿಯುತ್ತೆ, ತಿಂಗಳುಗಳೂ ಆಗಬಹುದು."

ಅಕ್ಕನ ರಕ್ತದಲ್ಲಿ ಕಬ್ಬಿಣ ಸರಿಯಾಗೇ ಇತ್ತು. "ಇಬ್ಬರದೂ ಒಂದೇ ಕಾಯಿಲೆ, ಮದ್ದು ಒಂದೇ ಅಲ್ಲ" ಎಂದು ಡಾಕ್ಟರು ಆಕೆಗೆ ಬೇರೆ ಮಾತ್ರೆಯನ್ನು ಕಡಿಮೆ ಪ್ರಮಾಣದಲ್ಲಿ ಶುರುಮಾಡಿ, ಮತ್ತೆ ಬಂದು ತೋರಿಸಲು ಹೇಳಿದರು.

ನಾಟಕ ಮಾತ್ರ ಕಬ್ಬಿಣಕ್ಕೆ ಕಾಯಲಿಲ್ಲ. ಮೊದಲ ಪ್ರದರ್ಶನದ ಸಂಜೆ ಏಜೆಂಟರು ಕಾಫಿ ಬಿಟ್ಟು, ಬಣ್ಣದ ಕೋಣೆಯಲ್ಲಿ ಶತಪಥ ತಿರುಗಿ, ಮಂಚ ಹತ್ತಿದರು. ಮೊದಮೊದಲು ಎಲ್ಲ ಚೆನ್ನಾಗಿಯೇ ಇತ್ತು. ಹಿರಿಮಗ ಎದೆಗೆ ಗುದ್ದಿಕೊಂಡು, "ಅಪ್ಪಾ, ನಿಮ್ಮ ಕೊನೇ ಉಸಿರಿನವರೆಗೂ ನೋಡ್ಕೊಂಡವನು ನಾನೇ ಅಲ್ವೇ? ನೀವೇ ಹೇಳಿ!" ಎಂದು ಗೋಳಾಡಿದ. ಸರಿಯಾಗಿ ಆಗಲೇ ಅಪ್ಪ ಅವನ ಕಡೆ ಕಾಲು ಝಾಡಿಸಿದರು.

ಸಭಾಂಗಣ ಬಿದ್ದು ಬಿದ್ದು ನಕ್ಕಿತು. ಕಿರಿಮಗ ಅದೇ ಮಾತು ಹೇಳಿದಾಗ ಇನ್ನೊಂದು ಒದೆ. ಅಂಕದ ಪರದೆ ಬೀಳುವಾಗ ಜನ ಎದ್ದು ನಿಂತಿದ್ದರು. ಪರದೆಯ ಹಿಂದೆ ತಲೆ ಹಿಡಿದು ಕೂತಿದ್ದ ನಿರ್ದೇಶಕರು ಚಪ್ಪಾಳೆ ಕೇಳಿ ತಲೆಯೆತ್ತಿದರು, ಹೊರಗೆ ಬಂದು ಪತ್ರಕರ್ತನಿಗೆ, "ಸತ್ತವರೂ ಪ್ರತಿಭಟಿಸ್ತಾರೆ ಅನ್ನೋದೇ ನನ್ನ ದರ್ಶನ. ಆ ಕಾಲಿನ ಮೇಲೆ ತುಂಬಾ ಕೆಲಸ ಮಾಡಿದೀನಿ" ಎಂದರು.

ನಾಟಕ ಊರೂರು ಸುತ್ತಿತು. ಹೋದಲ್ಲೆಲ್ಲ ನಗು. ಅಷ್ಟರಲ್ಲಿ ಕಬ್ಬಿಣ ತನ್ನ ಪಾಡಿಗೆ ತನ್ನ ಕೆಲಸ ಮಾಡುತ್ತಿತ್ತು. ಹೆಂಡತಿ ಒಂದು ದಿನ ದಿಂಬು ಎತ್ತಿಕೊಂಡು ಸೋಫಾದಿಂದ ವಾಪಸ್ ಬಂದಳು. ಅದಾದ ಸ್ವಲ್ಪ ದಿನಕ್ಕೆ, ತುಂಬಿದ ಸಭೆಯೊಂದರಲ್ಲಿ ಹಿರಿಮಗ "ನೀವೇ ಹೇಳಿ!" ಎಂದು ಅರಚಿ ಕಾದ. ಕಾಲು ಅಲ್ಲಾಡಲಿಲ್ಲ. ಮತ್ತೊಮ್ಮೆ ಅರಚಿದ. ಏಜೆಂಟರಿಗೆ ಸೊಗಸಾದ ನಿದ್ದೆ ಬಂದಿತ್ತು.

"ಏನ್ರೀ ಇದು? ಕಾಲೆಲ್ಲಿ ಹೋಯ್ತು?" ನಿರ್ದೇಶಕರು ಹಾರಿಬಿದ್ದರು.

"ವಾಸಿಯಾಗ್ತಿದೆ ಸಾರ್."

"ಯಾರು ವಾಸಿ ಮಾಡ್ಕೊಳ್ಳೋಕೆ ಹೇಳಿದ್ದು? ನಾಟಕದ ಸೀಸನ್ ಮುಗಿಯೋವರೆಗೂ ಆ ಮಾತ್ರೆ ನಿಲ್ಸಿ. ಇಲ್ಲಾ, ಒದ್ದ ಹಾಗೆ ನಟಿಸಿ!"

ಮಾತ್ರೆ ನಿಲ್ಲಿಸಲು ಅವರು ಒಪ್ಪಲಿಲ್ಲ. ನಟಿಸಲು ಒಪ್ಪಿದರು. ಮಾರನೆಯ ಪ್ರದರ್ಶನದಲ್ಲಿ ಒದ್ದರು. ಆ ಒದೆಯಲ್ಲಿ ಜೀವವೇ ಇರಲಿಲ್ಲ. ಶಾಲೆಯ ಕವಾಯತಿನಲ್ಲಿ ಹುಡುಗ ಕಾಲೆತ್ತಿದಂತಿತ್ತು. ಯಾರೂ ನಗಲಿಲ್ಲ. ಮುಂದಿನ ಸಾಲಿನ ಒಬ್ಬರು ಆಕಳಿಸಿದರು. ಇಷ್ಟು ವರ್ಷ ತಂಡ ಅವರಿಗೆ ಪಾತ್ರ ಕೊಡದೇ ಇದ್ದದ್ದು ಯಾಕೆಂದು ಎಲ್ಲರಿಗೂ ಮತ್ತೊಮ್ಮೆ ಮನವರಿಕೆಯಾಯಿತು. ಏಜೆಂಟರು ಪರದೆ ಎಳೆಯಲು ವಾಪಸಾದರು.

ಒಂದು ಸಂಜೆ ಅಕ್ಕ ನಾಟಕ ನೋಡಲು ಬಂದಳು. ಅಂಚಿನ ಕುರ್ಚಿಯಲ್ಲಿ ಕೂತು, ನಡುವೆ ಒಮ್ಮೆ ಮಾತ್ರ ಎದ್ದು ಹಿಂದೆ ನಿಂತು ಕಾಲು ಸಡಿಲಿಸಿಕೊಂಡು, ಕೊನೆಯವರೆಗೂ ನೋಡಿದಳು. ಮುಗಿದ ಮೇಲೆ ತಮ್ಮ ಓಡಿಬಂದು, "ಅಕ್ಕಾ, ಪೂರ್ತಿ ನೋಡಿದೆಯಾ!" ಎಂದ.

"ನೋಡಿದೆ. ಇಷ್ಟು ವರ್ಷ ನಾನೇನೂ ಕಳ್ಕೊಂಡಿರಲಿಲ್ಲ ಬಿಡು" ಎಂದಳು ಅಕ್ಕ. ಆದರೂ ಅವನ ಕೈ ಹಿಡಿದುಕೊಂಡೇ ನಿಂತಳು.

ಅಷ್ಟರಲ್ಲಿ ನಿರ್ದೇಶಕರು ಹಲ್ಲು ಕಿರಿಯುತ್ತ ಬಂದರು. "ಅಮ್ಮಾ, ನಿಮಗೂ ಅದೇ ಕಾಲಂತೆ? ಹೆಣ ತಾಯಿದಾದ್ರೆ ಕರುಳಿಗೆ ಇನ್ನೂ ಚೆನ್ನಾಗಿ ತಟ್ಟುತ್ತೆ. ಮಾತಾಡೋದೇನಿಲ್ಲ, ಮಲಗಿದ್ರೆ ಸಾಕು" ಎನ್ನುತ್ತ ಹತ್ತಿರ ಸರಿದರು.

"ಮದ್ದು ನಡೀತಾ ಇದೆ ಡಾಕ್ಟ್ರೇ. ಆದ್ರೆ ಒಂದೊಂದು ದಿನ ಈ ಕಾಲು ಈಗಲೂ ನನ್ನ ಮಾತು ಕೇಳಲ್ಲ" ಎಂದಳು ಅಕ್ಕ. "ಸ್ವಲ್ಪ ದೂರ ನಿಂತು ಮಾತಾಡಿ."